ಆಂಡರ್ಸನ್ ಕೋವಿಗಿಲ್ಲದ ಗುಂಡಿ

ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿ ಬೆಳೆದವರಿಗೆ ಶಿಕಾರಿ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್ ಕೋವಿ ಮನೆಯ ನೆಂಟನಷ್ಟೇ ಪರಿಚಿತ. ಜವಳಗಿರಿ, ಅಂಚೆಟ್ಟಿ, ಪೆನ್ನಾಗರಂ, ಮುತ್ತೂರು ಎಂದು ಅದು ಅವರ ಹೆಗಲೇರಿ ಸುತ್ತಿತು. ಆಗ ಅದೆಲ್ಲ ಸೇಲಂ ಜಿಲ್ಲೆ. ಧರ್ಮಪುರಿ ಬೇರೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ.

ಈಚೆಗೆ ಅದೇ ಮಾದರಿಯ ಹೊಸ ಕೋವಿಯೊಂದರ ಚಿತ್ರ ನೋಡಿದೆ. ಮರ, ಉಕ್ಕು, ಲಿವರು, ಎಲ್ಲವೂ ಅದೇ. ಆದರೆ ತೋಟಾ ಸಿಡಿಸುವ ಕುದುರೆಯ ಹಿಂದೆ, ಹೆಬ್ಬೆರಳು ಕೂರುವಲ್ಲಿ, ಮುಂದಕ್ಕೂ ಹಿಂದಕ್ಕೂ ಸರಿಯುವ, ಸುರಕ್ಷೆಯ ಪುಟ್ಟ ಗುಂಡಿ! ಆಂಡರ್ಸನ್ ಕೋವಿಯಲ್ಲಿ ಅದೆಲ್ಲಿತ್ತು?

ಇರಲಿಲ್ಲ. ಹಳೆಯ ಲಿವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗುತ್ತಿದ್ದವು. ಚೂಪು ಮೂತಿಯ ಗುಂಡು ಮುಂದಿನ ತೋಟಾದ ಬೆನ್ನಿಗೆ ತಿವಿದರೆ ಅನಾಹುತ. ಆಂಡರ್ಸನ್ ಕೋವಿಯ 1895ರ ಮಾದರಿಯಲ್ಲಿ ವಿನ್ಯಾಸಕ ಜಾನ್ ಬ್ರೌನಿಂಗ್ ಅವನ್ನು ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರಿಸಿದ. ಇಷ್ಟೆಲ್ಲ ಯೋಚಿಸಿದವನು ಸುರಕ್ಷೆಗೆಂದು ಬೇರೆ ಸನ್ನೆ ಇಡಲಿಲ್ಲ. ಕುದುರೆಯನ್ನು ಅರ್ಧಕ್ಕೆಳೆದು ನಿಲ್ಲಿಸಿದರೆ ಅದೇ ಬೀಗ, ಹೆಬ್ಬೆರಳೇ ಕೀಲಿಕೈ. 1904ರಲ್ಲಿ .405 ತೋಟಾ ಬಂತು, ಹತ್ತೊಂಬತ್ತು ಗ್ರಾಂ ಮೀರಿದ ಗುಂಡು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಅದನ್ನು ಆಫ್ರಿಕಕ್ಕೆ ಹೊತ್ತೊಯ್ದ. ಆಮೇಲೆ ಹೊಸ ಕೋವಿಗಳ ಭರಾಟೆಯಲ್ಲಿ ತಯಾರಿಕೆಯೇ ನಿಂತಿತು.

ದಶಕಗಳ ನಂತರ ಜಪಾನಿನ ಮಿರೊಕು ಕಾರ್ಖಾನೆ ಅದಕ್ಕೆ ಮರುಜನ್ಮ ಕೊಟ್ಟಿತು. ಈಗಿನ ಮಾದರಿಗೆ ಗುಂಡಿಯೂ ಅಂಟಿಕೊಂಡಿದೆ. ಅಲ್ಲಿಂದ ಜಗಳ. ಹಳೆಯ ಚೆಲುವು ಕೆಟ್ಟಿತೆಂದು ಅಮೆರಿಕದಲ್ಲಿ ಕೆಲವರು ಗುಂಡಿ ಕಿತ್ತು, ತೂತು ಮುಚ್ಚಿಸುತ್ತಾರೆ. ಕೈತಪ್ಪಿದರೆ ಕಾಪಾಡುವುದನ್ನೇ ಕೀಳುವುದೇ ಎಂದು ಉಳಿದವರು ಗದರುತ್ತಾರೆ. ನನ್ನ ಮೈ ಉರಿಯುವುದು ಕಿತ್ತವರನ್ನು ಕಂಡೇ. ಅವರಿಗೆ ಬೇಕಾದದ್ದು ಹಳೆಯ ಮುಖ, ಹಳೆಯ ಎಚ್ಚರವಲ್ಲ. ಅಟ್ಟಣೆಯ ಕತ್ತಲಲ್ಲಿ ಕುದುರೆಯ ಒಂದು ‘ಟಿಕ್’ ಸದ್ದಿಗೂ ಹುಲಿ ಕಿವಿ ನಿಮಿರಿಸುತ್ತದೆಂದು ತಿಳಿದ ಹೆಬ್ಬೆರಳು ಅಂಗಡಿಯಲ್ಲಿ ಸಿಗುವುದಿಲ್ಲ. ಆಂಡರ್ಸನ್ನರಿಗೆ ಅದರ ಜೊತೆಗೆ ಕಾಡಿನ ಒಡನಾಡಿ ಬೈರ ಪೂಜಾರಿಯ ಕಣ್ಣು ಕಿವಿಗಳೂ ಇದ್ದವು.

1972ರ ವನ್ಯಜೀವಿ ಕಾಯ್ದೆ ಬಂದು ಶಿಕಾರಿಯ ಕಾಲ ಮುಗಿಯಿತು. ಎರಡು ವರ್ಷಕ್ಕೆ ಆಂಡರ್ಸನ್ನರೂ ಹೋದರು. ಧರ್ಮಪುರಿ, ಕೃಷ್ಣಗಿರಿಯ ಆ ಕಾಡುಗಳಲ್ಲಿ ಒಂದು ಭಾಗ 2014ರಿಂದ ಕಾವೇರಿ ಉತ್ತರ ಅಭಯಾರಣ್ಯ. ಗುಂಡಿ ಇರಲಿ, ಬಿಡಲಿ, ಬೇಟೆಯ ಕೋವಿಗೆ ಅಲ್ಲಿ ಪ್ರವೇಶವಿಲ್ಲ. ಹುಲಿಯ ಪಾಲಿಗೆ ಇದಕ್ಕಿಂತ ಗಟ್ಟಿಯಾದ ಬೀಗ ಯಾವ ಬ್ರೌನಿಂಗೂ ಮಾಡಲಿಲ್ಲ.