ಮೋತಿ ಡೊಂಗರದಿಂದ ಸುಪಾ ಸರೋವರಕ್ಕೆ



ನಾವು ಮೋತಿ ಡೊಂಗರದ ಕನ್ನಡಿಗರು ವರ್ಷಕ್ಕೆ ಎರಡು ಸಲವಾದರೂ ಅನಮೋಡ ಘಟ್ಟ ಹತ್ತಿ ಇಳಿಯುವವರು. ಆದರೆ ಆ ಘಟ್ಟವನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಎಷ್ಟು ಜನ? ಜಾತ್ರೆ, ಮದುವೆ, ಸಾವು ಅಂತ ರಾತ್ರಿ ಬಸ್ ಹಿಡಿಯುತ್ತೇವೆ, ಮೊಲೆಂ ಬರುವ ಮೊದಲೇ ಮುಸುಕು ಎಳೆಯುತ್ತೇವೆ, ಕಣ್ಣು ಬಿಟ್ಟರೆ ಬೆಳಗಾವಿ. ನಾನೂ ಬ್ಯಾಂಕಿನ ನೌಕರಿಯಲ್ಲಿದ್ದಷ್ಟು ದಿನ ಹೀಗೆಯೇ ಓಡಾಡಿದೆ. ನಿವೃತ್ತನಾದ ಮೇಲೆ ಒಂದು ದಿನ ಹಗಲಿನಲ್ಲಿ, ನೋಡುವುದಕ್ಕಾಗಿಯೇ, ಹೋಗಿ ಬಂದೆ. ಅದನ್ನು ಹೇಗೆ ಮಾಡಬೇಕೆಂದು ನಿಮಗೆ ತಿಳಿಸುತ್ತೇನೆ.

ಹೋಗಬೇಕಾದ ಜಾಗ ಸುಪಾ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿಗೆ ಗಣೇಶಗುಡಿಯ ಹತ್ತಿರ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದಾರೆ. 1987ರಲ್ಲಿ ಕೆಲಸ ಮುಗಿಯಿತು. ಅದರ ಹಿಂದೆ ಸಹ್ಯಾದ್ರಿಯ ಗುಡ್ಡಗಳ ನಡುವೆ ನಿಂತ ನೀರೇ ನಮ್ಮ ಸರೋವರ. ದೇವರು ಮಾಡಿದ್ದಲ್ಲ, ವಿದ್ಯುತ್ತಿಗಾಗಿ ಮನುಷ್ಯರು ಮಾಡಿದ್ದು. ಕಾಳಿಗೆ ಪಾಂಢರಿ ನದಿ ಬಂದು ಕೂಡುತ್ತಿದ್ದ ಕಡೆ ಸುಪಾ ಎಂಬ ಊರಿತ್ತು, ತಾಲೂಕಿನ ಕಚೇರಿಯೂ ಅಲ್ಲೇ ಇತ್ತು. ಊರು ನೀರಿನೊಳಗೆ ಹೋಯಿತು, ಕಚೇರಿ ಜೋಯಿಡಾಕ್ಕೆ ಹೋಯಿತು, ಬಹಳಷ್ಟು ಜನ ರಾಮನಗರಕ್ಕೆ ಬಂದು ನೆಲೆಸಿದರು.

ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರ ತವರುಮನೆ ಆ ಹಳೆಯ ಸುಪಾ. ಅಣೆಕಟ್ಟಿನ ಕೆಲಸ ಶುರುವಾಗುವ ಮೊದಲೇ ಮದುವೆಯಾಗಿ ಮಡಗಾಂವಕ್ಕೆ ಬಂದವರು. "ತಮ್ಮಾ, ನಮ್ಮೂರಿನ ನೀರಾದರೂ ಒಮ್ಮೆ ತೋರಿಸು" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಅವರಿಗೆ ಮೊಣಕಾಲು ನೋವು, ಬಸ್ಸಿನ ವಾಂತಿ ಬೇರೆ. ಆದ್ದರಿಂದ ನಾನು ಈ ಪ್ರಯಾಣವನ್ನು ಲೆಡ್ಜರ್ ಬರೆದ ಹಾಗೆ ಬರೆದುಕೊಂಡೇ ಹೊರಟೆ.

ಮೊದಲು ತಿಂಗಳು. ಮಳೆಗಾಲ ಬೇಡ. ಘಟ್ಟದಲ್ಲಿ ಮಣ್ಣು ಜರಿಯುತ್ತದೆ, ಮಂಜಿನಲ್ಲಿ ಎದುರಿನ ಲಾರಿಯ ದೀಪ ಮೂಗಿನ ತುದಿಗೆ ಬಂದಾಗಲೇ ಕಾಣುತ್ತದೆ. ಮೇ ತಿಂಗಳಲ್ಲಿ ಹೋದರೆ ನೀರು ಇಳಿದು ಕೆಂಪು ಮಣ್ಣಿನ ದಂಡೆ ಮಾತ್ರ ಕಾಣುತ್ತದೆ. ದಸರೆ ಕಳೆದ ಮೇಲಿನಿಂದ ಜನವರಿಯವರೆಗೆ ಒಳ್ಳೆಯದು. ಕಾಡು ಹಸಿರು ಇರುತ್ತದೆ, ನೀರೂ ಇರುತ್ತದೆ.

ಎರಡನೆಯದು ಹೊತ್ತು. ಹೋಗುವ ದಾರಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಘಟ್ಟದ ಲೆಕ್ಕ ಕಿಲೋಮೀಟರಿನಲ್ಲಿ ಹಾಕಬಾರದು, ತಾಸಿನಲ್ಲಿ ಹಾಕಬೇಕು. ಬೆಳಿಗ್ಗೆ ಐದೂವರೆಗೆ ಹೊರಡಿ. ಕುಡ್ಚಡೆ, ಸಾವರ್ಡೆ, ಕುಳೆ ದಾಟಿ ಮೊಲೆಂನಲ್ಲಿ ಹೆದ್ದಾರಿ ಸೇರಿ. ಹಿಂದೆ 4ಎ ಎನ್ನುತ್ತಿದ್ದ ಹೆದ್ದಾರಿಗೆ ಈಗ 748 ಎಂಬ ನಂಬರು. ವಯಸ್ಸಾದವರು ಜೊತೆಗಿಲ್ಲದಿದ್ದರೆ ಮೊಲೆಂನಿಂದ ಒಳಗೆ ತಾಂಬಡಿ ಸುರ್ಲಾಕ್ಕೆ ಹೋಗಿ ಗೋವೆ ಕದಂಬರ ಕಾಲದ ಕಲ್ಲಿನ ಮಹಾದೇವ ಗುಡಿಯನ್ನೂ ನೋಡಬಹುದು. ನಾವು ಹೋಗಲಿಲ್ಲ.

ಮೊಲೆಂನಿಂದ ಮೇಲೆ ಅಭಯಾರಣ್ಯ. ಘಟ್ಟದಲ್ಲಿ ಮೊಬೈಲ್ ಅಲ್ಲಲ್ಲಿ ಸಿಗುವುದಿಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟಕ್ಕೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿಯೇ ಹೊರಡಿ. ವಾಂತಿ ಆಗುವವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ, ಹೊಟ್ಟೆ ತುಂಬ ಉಣ್ಣಿಸಬೇಡಿ. ಅಕ್ಕನ ಕೈಯಲ್ಲಿ ಒಂದು ಲಿಂಬೆಹಣ್ಣು ಕೊಟ್ಟಿದ್ದೆ. ಅದನ್ನು ಮೂಸುತ್ತಲೇ ಘಟ್ಟ ಹತ್ತಿದರು.

ಇನ್ನೊಂದು ಮಾತು, ಗಂಡಸರಿಗೆ. ಗೋವಾದ ಬಾಟಲಿ ಗೋವಾದಲ್ಲೇ ಇರಲಿ. ಗಡಿ ತಪಾಸಣೆಯಲ್ಲಿ ಡಿಕ್ಕಿ ತೆಗೆಸುತ್ತಾರೆ. ಒಂದು ಬಾಟಲಿಯ ಆಸೆಗೆ ಇಡೀ ಕುಟುಂಬ ರಸ್ತೆ ಬದಿಯಲ್ಲಿ ನಿಂತದ್ದನ್ನು ನೋಡಿದ್ದೇನೆ. ಬಾಡಿಗೆ ಗಾಡಿಯಾದರೆ ಕರ್ನಾಟಕದ ಪರ್ಮಿಟ್ ಕಾಗದ ಇದೆಯೇ ಎಂದು ಹಿಂದಿನ ದಿನವೇ ಕೇಳಿ. "ಇದೆ" ಎಂಬ ಮಾತು ಸಾಲದು, ಕಾಗದ ತೋರಿಸಲಿ.

ಅನಮೋಡ ದಾಟಿದರೆ ಗಾಳಿಯೇ ಬೇರೆ. ಬೋರ್ಡುಗಳ ಮೇಲೆ ಕನ್ನಡ ಕಾಣುತ್ತದೆ. ರಾಮನಗರದಲ್ಲಿ ನಾಷ್ಟಾ ಮಾಡಿ. ನಾವು ಒಂದು ಚಿಕ್ಕ ಹೋಟೆಲಿನಲ್ಲಿ ಕುಳಿತಿದ್ದಾಗ ಅಕ್ಕ ಗಲ್ಲೆಯ ಮೇಲಿದ್ದ ಮುದುಕರಿಗೆ ಕೊಂಕಣಿಯಲ್ಲಿ, ನೀವು ಮೂಲ ಇಲ್ಲಿಯವರೇ ಎಂದು ಕೇಳಿದರು. ಅವರು ಇಲ್ಲ, ಸುಪಾದವರು ಎಂದರು. ಅಷ್ಟೇ ನೋಡಿ. ಯಾರ ಮನೆಯ ಪಕ್ಕ ಯಾರು, ಸಂತೆ ಎಲ್ಲಿ ಕೂಡುತ್ತಿತ್ತು, ಹೊಳೆಗೆ ಯಾವ ದಾರಿಯಲ್ಲಿ ಇಳಿಯುತ್ತಿದ್ದರು ಎಂದು ಇಬ್ಬರೂ ಮುಕ್ಕಾಲು ತಾಸು ಮಾತಾಡಿದರು. ನನ್ನ ವೇಳಾಪಟ್ಟಿ ಕೆಟ್ಟಿತು. ಮುದುಕರು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ಹೋಗುವಾಗ ರಾಮನಗರಕ್ಕೆ ಒಂದು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.

ರಾಮನಗರದಿಂದ ಬೆಳಗಾವಿ ರಸ್ತೆ ಬಿಟ್ಟು ಜಗಲಬೇಟ ಮೂಲಕ ಗಣೇಶಗುಡಿಗೆ ಹೋಗಬೇಕು. ಅಣೆಕಟ್ಟು ಭದ್ರತೆಯ ಜಾಗ. ಒಳಗೆ ಹೋಗಲು ಪರವಾನಗಿ ಬೇಕು, ಬಿಡಲಿಲ್ಲವೆಂದು ಕಾವಲುಗಾರನ ಜೊತೆ ಜಗಳ ಬೇಡ. ಜೋಯಿಡಾ ಕಡೆ ಮುಂದೆ ಹೋದರೆ ಹಿನ್ನೀರು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಣೆಕಟ್ಟಿನ ಕೆಳಗೆ ನದಿ ಶಾಂತವಾಗಿ ಕಾಣುತ್ತದೆ, ಮಕ್ಕಳು ಇಳಿಯುತ್ತೇವೆ ಅನ್ನುತ್ತಾರೆ. ಬಿಡಬೇಡಿ. ವಿದ್ಯುತ್ತು ತಯಾರಿಸಲು ಯಂತ್ರ ತಿರುಗಿಸಿದಾಗ ನೀರು ಕೆಳಗೆ ಬಿಡುತ್ತಾರೆ, ಆಗ ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ ಹೊಳೆ ಏರುತ್ತದೆ. ಮೊಣಕಾಲಿನ ನೀರು ಎದೆಗೆ ಬರಲು ಹೊತ್ತು ಬೇಕಿಲ್ಲ. ದೋಣಿ ಆಟಕ್ಕೆ ಹೋಗುವವರು ಜಾಕೀಟು ತೊಡಿಸುವವರ ಜೊತೆಗೇ ಹೋಗಲಿ. ಹಿನ್ನೀರಿನಲ್ಲೂ ಈಜಬೇಡಿ. ದಂಡೆ ಅಂದರೆ ಹಳೆಯ ಗುಡ್ಡದ ಇಳಿಜಾರು, ಎರಡು ಹೆಜ್ಜೆ ಮುಂದೆ ಎಷ್ಟು ಆಳವೋ.

ಮಧ್ಯಾಹ್ನ ಮೂರಕ್ಕೆ ವಾಪಸು ತಿರುಗಲೇಬೇಕು. ಜೋಯಿಡಾದಿಂದ ಅಣಶಿ, ಕದ್ರಾ ಇಳಿದು ಕಾರವಾರದ ಕಡೆಯಿಂದ ಮಡಗಾಂವ ಸೇರುವ ದಾರಿಯೂ ಇದೆ, ಚೆಂದವೂ ಇದೆ. ಆದರೆ ಒಂದೇ ದಿನದಲ್ಲಿ ಮುದುಕರ ಜೊತೆ ಬೇಡ. ಘಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಲು ಡ್ರೈವರನಿಗೆ ಹೇಳಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾಯ್ದು ಹಿಡಿಯದಂತಾಗುತ್ತದೆ. ಸುಟ್ಟ ವಾಸನೆ ಬಂದರೆ ಗಾಡಿ ಪಕ್ಕಕ್ಕೆ ಹಾಕಿ ಅರ್ಧ ತಾಸು ನಿಲ್ಲಿ. ಬಿಸಿ ಚಕ್ರದ ಮೇಲೆ ನೀರು ಸುರಿಯಬೇಡಿ.

ಹಿನ್ನೀರಿನ ದಂಡೆಯಲ್ಲಿ ಅಕ್ಕ ಗಾಡಿಯಿಂದ ಇಳಿದು, "ನಮ್ಮ ಮನಿ ಯಾವ ಕಡೆ ಆಗತೈತಿ?" ಎಂದು ಕೇಳಿದರು. ನನಗೂ ಡ್ರೈವರನಿಗೂ ಹೇಳಲು ಬರಲಿಲ್ಲ. ಅವರೇ ಎರಡು ಗುಡ್ಡಗಳ ಸಂದು ನೋಡಿ, ಕೈ ಮಾಡಿ, "ಅಲ್ಲೇ ಇರಬೇಕು" ಅಂದರು. ಡಬ್ಬಿಯಿಂದ ಒಂದು ರೊಟ್ಟಿ ತುಂಡು ಮುರಿದು ನೀರಿಗೆ ಬಿಟ್ಟರು. ಆಮೇಲೆ ನಾವೂ ಅಲ್ಲೇ ಕುಳಿತು ಊಟ ಮಾಡಿದೆವು.

ಸಂಜೆ ಏಳರೊಳಗೆ ಮೋತಿ ಡೊಂಗರದಲ್ಲಿದ್ದೆವು.