ರಸ್ತೆ ಯೋಜನೆಗಳ ಸಾರ್ವಜನಿಕ ವಿಚಾರಣೆ (ಇಂಗ್ಲೆಂಡ್)

ರಸ್ತೆ ಯೋಜನೆಗಳ ಸಾರ್ವಜನಿಕ ವಿಚಾರಣೆಯು ಇಂಗ್ಲೆಂಡಿನಲ್ಲಿ ಹೊಸ ಹೆದ್ದಾರಿಯ ಬಗ್ಗೆ ಸರ್ಕಾರ ಅಂತಿಮ ಆದೇಶ ಹೊರಡಿಸುವ ಮುನ್ನ ಜನರ ಆಕ್ಷೇಪಣೆಗಳನ್ನು ಬಹಿರಂಗವಾಗಿ ಆಲಿಸುವ ಕಾನೂನುಬದ್ಧ ವ್ಯವಸ್ಥೆಯಾಗಿದೆ. ನೋಟಕ್ಕೆ ನ್ಯಾಯಾಲಯದಂತಿದ್ದರೂ ಇದಕ್ಕೆ ತೀರ್ಪು ನೀಡುವ ಅಧಿಕಾರವಿಲ್ಲ. ನಿರ್ಧಾರ ಸಚಿವರದು. ಆದರೆ ವಿಚಾರಣೆಯ ವರದಿ ಪ್ರಕಟವಾಗುವುದರಿಂದ, ಅದನ್ನು ಒಪ್ಪದ ಸಚಿವರು ಲಿಖಿತ ಕಾರಣ ಕೊಡಬೇಕಾಗುತ್ತದೆ. ಈ ವ್ಯವಸ್ಥೆಯ ಬಲವೆಲ್ಲ ಇರುವುದು ಇಲ್ಲಿಯೇ.

ವಿಧಾನ

ಸಚಿವರು ಕರಡು ಆದೇಶ ಪ್ರಕಟಿಸಿದ ಬಳಿಕ ಆಕ್ಷೇಪಣೆಗಳು ಬಂದರೆ ಇನ್‌ಸ್ಪೆಕ್ಟರ್ ಒಬ್ಬರನ್ನು ನೇಮಿಸಲಾಗುತ್ತದೆ. (ಇವರು ಪೊಲೀಸ್ ಅಧಿಕಾರಿಯಲ್ಲ, ವಿಚಾರಣೆ ನಡೆಸುವ ತಜ್ಞರು.) ಅವರು ಇಲಾಖೆ ಮತ್ತು ಆಕ್ಷೇಪಕರ ವಾದಗಳನ್ನು ಕೇಳಿ ಶಿಫಾರಸು ಮಾಡುತ್ತಾರೆ. ಹಿಂದೆ ಇಂತಹ ವರದಿಗಳನ್ನು ಸಾಮಾನ್ಯವಾಗಿ ಗೋಪ್ಯವಾಗಿಡಲಾಗುತ್ತಿತ್ತು. 1957ರ ಫ್ರ್ಯಾಂಕ್ಸ್ ಸಮಿತಿಯು ಬಹಿರಂಗತೆ, ನ್ಯಾಯಪರತೆ, ನಿಷ್ಪಕ್ಷಪಾತ ಎಂಬ ಮೂರು ತತ್ತ್ವಗಳನ್ನು ಮುಂದಿಟ್ಟ ಮೇಲೆ ಪರಿಸ್ಥಿತಿ ಬದಲಾಯಿತು.

1970ರ ದಶಕದ ಸಂಘರ್ಷ

ರಸ್ತೆ ಎಲ್ಲಿ ಹಾದುಹೋಗಬೇಕೆಂಬುದನ್ನು ಚರ್ಚಿಸಬಹುದಿತ್ತು. ರಸ್ತೆ ಬೇಕೇ ಎಂಬುದನ್ನಲ್ಲ. ಅದು ಸಂಸತ್ತಿಗೆ ಸೇರಿದ ನೀತಿಯೆಂದು ಇಲಾಖೆ ಹೇಳುತ್ತಿತ್ತು. ಯೋಜನೆ ಮಂಡಿಸುವವರೂ ನಿರ್ಧರಿಸುವವರೂ ಒಂದೇ ಸರ್ಕಾರದವರಾದುದು ಜನರ ಅಸಮಾಧಾನವನ್ನು ಹೆಚ್ಚಿಸಿತು. ಶೆಫೀಲ್ಡಿನ ಉಪನ್ಯಾಸಕ ಜಾನ್ ಟೈಮ್ ಹಲವು ವಿಚಾರಣೆಗಳಿಗೆ ಅಡ್ಡಿಪಡಿಸುವ ಚಳವಳಿಯ ಮುಂದಾಳಾದರು. 1976ರಲ್ಲಿ ವಿಂಚೆಸ್ಟರಿನ ಎಂ3 ಹೆದ್ದಾರಿ ವಿಚಾರಣೆಯಲ್ಲಿ ಪ್ರತಿಭಟಿಸಿದವರ ನಡುವೆ ವಿಂಚೆಸ್ಟರ್ ಕಾಲೇಜಿನ ಮುಖ್ಯೋಪಾಧ್ಯಾಯರೂ ಇದ್ದರು. ಅಂಥವರೇ ಎದ್ದು ನಿಂತಾಗ ಇದನ್ನು ಪುಂಡರ ಗಲಾಟೆ ಎಂದು ತಳ್ಳಿಹಾಕುವುದು ಕಷ್ಟವಾಯಿತು. ಮುಂದೆ ಲೀಚ್ ಸಮಿತಿಯು ಇಲಾಖೆ ವಾಹನ ಸಂಖ್ಯೆಯನ್ನು ಅಂದಾಜು ಮಾಡುತ್ತಿದ್ದ ಕ್ರಮವನ್ನು ಟೀಕಿಸಿತು.

ವಿಂಚೆಸ್ಟರಿನ ನದೀತೀರದ ಹುಲ್ಲುಗಾವಲುಗಳ ಮೂಲಕ ಹೋಗಬೇಕಿದ್ದ ಮಾರ್ಗವನ್ನು ಕೈಬಿಡಲಾಯಿತು. ಆದರೆ ಅದರ ಬದಲಿಗೆ ಟ್ವೈಫರ್ಡ್ ಡೌನ್ ಎಂಬ ಸುಣ್ಣದ ಗುಡ್ಡವನ್ನು ಸೀಳುವ ಮಾರ್ಗ ಬಂದಿತು. 1980ರ ದಶಕದಲ್ಲಿ ಮತ್ತೆ ವಿಚಾರಣೆಗಳು ನಡೆದು ಅದಕ್ಕೆ ಒಪ್ಪಿಗೆ ದೊರೆಯಿತು. ರಸ್ತೆ 1994ರಲ್ಲಿ ತೆರೆಯಿತು. ಹುಲ್ಲುಗಾವಲು ಉಳಿಯಿತು, ಗುಡ್ಡ ಹೋಯಿತು.

ಬುಶೆಲ್ ಪ್ರಕರಣ

ಎಂ42 ಮತ್ತು ಎಂ40 ಹೆದ್ದಾರಿಗಳ ವಿಚಾರಣೆ 1973–74ರಲ್ಲಿ ನೂರು ದಿನಗಳ ಕಾಲ ನಡೆದಿತ್ತು. ಸಂಚಾರದ ಅಂದಾಜುಗಳ ಬಗ್ಗೆ ಇಲಾಖೆಯ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಲು ಆಕ್ಷೇಪಕರಿಗೆ ಅವಕಾಶ ನೀಡಲಿಲ್ಲ. ಇದು ಅನ್ಯಾಯವಲ್ಲವೆಂದು ಹೌಸ್ ಆಫ್ ಲಾರ್ಡ್ಸ್ 1980ರಲ್ಲಿ ಬಹುಮತದಿಂದ ತೀರ್ಮಾನಿಸಿತು. ಲಾರ್ಡ್ ಎಡ್ಮಂಡ್ ಡೇವಿಸ್ ಭಿನ್ನಮತ ದಾಖಲಿಸಿದರು. ರಸ್ತೆ ಬೇಕೇ ಎಂಬ ಮೂಲ ಪ್ರಶ್ನೆ ಬಹುಪಾಲು ಇಂತಹ ಅಂದಾಜುಗಳನ್ನೇ ಅವಲಂಬಿಸಿದ್ದರಿಂದ ಆಕ್ಷೇಪಕರಿಗೆ ಇದು ದೊಡ್ಡ ಸೋಲಾಗಿತ್ತು.

ಸ್ಟೋನ್‌ಹೆಂಜ್ ಸುರಂಗ

2008ರ ಯೋಜನಾ ಕಾಯಿದೆಯ ಬಳಿಕ ದೊಡ್ಡ ರಸ್ತೆಗಳಿಗೆ ಹಳೆಯ ವಿಚಾರಣೆಯ ಬದಲು, ಹೆಚ್ಚಾಗಿ ಲಿಖಿತ ರೂಪದಲ್ಲಿ, ಆರು ತಿಂಗಳ ಮಿತಿಯಲ್ಲಿ ಮುಗಿಯುವ ಪರಿಶೀಲನೆ ನಡೆಯುತ್ತದೆ. ಸ್ಟೋನ್‌ಹೆಂಜ್ ಬಳಿಯ ಎ303 ರಸ್ತೆಯನ್ನು ಸುಮಾರು 3 ಕಿಲೋಮೀಟರ್ ಸುರಂಗದಲ್ಲಿ ಒಯ್ಯುವ ಯೋಜನೆಯನ್ನು ತಿರಸ್ಕರಿಸುವಂತೆ ಪರಿಶೀಲನಾ ಮಂಡಳಿ 2020ರಲ್ಲಿ ಸಲಹೆ ನೀಡಿತು. ಸಚಿವರು ಅದನ್ನು ಒಪ್ಪದೆ ಅದೇ ವರ್ಷ ಅನುಮತಿ ಕೊಟ್ಟರು. 2021ರಲ್ಲಿ ಹೈಕೋರ್ಟ್ ಆ ಅನುಮತಿಯನ್ನು ರದ್ದುಗೊಳಿಸಿತು. ಮತ್ತಷ್ಟು ಉದ್ದದ ಸುರಂಗದಂತಹ ಪರ್ಯಾಯಗಳನ್ನು ಸಚಿವರು ಸರಿಯಾಗಿ ಪರಿಗಣಿಸಿಲ್ಲ ಎಂಬುದು ಕಾರಣಗಳಲ್ಲಿ ಒಂದು. 2023ರಲ್ಲಿ ಪುನಃ ಅನುಮತಿ ದೊರೆಯಿತಾದರೂ, ಮರುವರ್ಷ ಬಂದ ಹೊಸ ಸರ್ಕಾರವು ಹಣಕಾಸಿನ ಕಾರಣ ನೀಡಿ ಯೋಜನೆಯನ್ನು ಕೈಬಿಟ್ಟಿತು.