7/4 ಎಂದರೆ ಏಪ್ರಿಲ್ ಏಳಲ್ಲ

ನಂಜನಗೂಡು, ತಿ. ನರಸೀಪುರದ ಕಡೆಯಿಂದ ಓದಿ ಹೋಗಿ ಮೈಸೂರು, ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವವರಿಗೆ ಊರಿನ ಕೆಲಸವೂ ಒಮ್ಮೊಮ್ಮೆ ಅಂಟಿಕೊಳ್ಳುತ್ತದೆ. ಹಬ್ಬಕ್ಕೆ ಬಂದವರ ಕೈಗೆ ಸೊಸೈಟಿಯವರು ರೈತರ ಪಟ್ಟಿ ಕೊಟ್ಟು, "ಇದನ್ನ ಒಂಚೂರು ಸರಿಮಾಡ್ಕೊಡಪ್ಪ" ಅನ್ನುತ್ತಾರೆ. ಪುಟ್ಟದೊಂದು ಸಾಧನ ಬರೆದರೆ ಆಯಿತು. ಅದು ಎಷ್ಟನ್ನು ತಾನೇ ಊಹಿಸಿಕೊಳ್ಳಬೇಕು, ಎಷ್ಟನ್ನು ಬಳಸುವವರ ಬಾಯಿಂದ ಕೇಳಬೇಕು ಎಂಬ ಪ್ರಶ್ನೆ ಏಳುವುದು ಅಲ್ಲೇ. ಈ ವಿಷಯದಲ್ಲಿ ಅನುಭವಿಗಳಲ್ಲೂ ಕೆಲವು ತಪ್ಪು ಕಲ್ಪನೆಗಳಿವೆ.

ಕಲ್ಪನೆ: ಏನನ್ನೂ ಕೇಳದೆ ಎಲ್ಲವನ್ನೂ ತಾನೇ ಅರ್ಥಮಾಡಿಕೊಳ್ಳುವುದೇ ಜಾಣ ಸಾಧನ.

ಸತ್ಯ: ಸೋಸಲೆ ಹೋಬಳಿಯ ಯಾವುದೋ ಜಮೀನು, ಸರ್ವೆ ನಂಬರ್ 7, ಹಿಸ್ಸಾ 4 ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಅದನ್ನು 7/4 ಎಂದು ಬರೆಯುತ್ತೇವೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದರೆ, ನಮ್ಮ ದೇಶದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಅದನ್ನು ಏಪ್ರಿಲ್ 7 ಮಾಡಿಬಿಡುತ್ತದೆ. ಅಮೆರಿಕದ ಸೆಟ್ಟಿಂಗ್ ಇದ್ದರೆ ಜುಲೈ 4. ತೋರಿಕೆ ಬದಲಾಗಿದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಒಳಗೆ ಉಳಿಯುವುದು ಒಂದು ದಿನಸಂಖ್ಯೆ. 2025ರಲ್ಲಿ ತೆರೆದಿದ್ದರೆ 45754. ಆಮೇಲೆ ಆ ಕಾಲಂ ಅನ್ನು 'ಟೆಕ್ಸ್ಟ್' ಮಾಡಿದರೆ ಕಾಣುವುದು ಆ ಐದಂಕಿಯೇ, 7/4 ಮರಳಿ ಬರುವುದಿಲ್ಲ. ಪಕ್ಕದ ಸಾಲಿನ 112/4 ಮಾತ್ರ ತಾರೀಖಿನಂತೆ ಕಾಣದ್ದರಿಂದ ಹಾಗೇ ಉಳಿಯುತ್ತದೆ. ಪಟ್ಟಿಯ ಅರ್ಧ ಕೆಟ್ಟು ಅರ್ಧ ಸರಿಯಿದ್ದಾಗ ಮೇಲಿಂದ ಮೇಲೆ ನೋಡಿದವರಿಗೆ ತಪ್ಪು ಸಿಕ್ಕುವುದೇ ಇಲ್ಲ. ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಇದ್ದರಂತೂ ಕೊನೆಯ ಅಂಕಿ ಸೊನ್ನೆಯಾಗಿ ಕೂತಿರುತ್ತದೆ, ಏಕೆಂದರೆ ಎಕ್ಸೆಲ್ ಹದಿನೈದು ಅಂಕಿಗಿಂತ ಹೆಚ್ಚು ನೆನಪಿಟ್ಟುಕೊಳ್ಳುವುದಿಲ್ಲ.

ಇದು ನಮ್ಮ ಪಹಣಿಗೆ ಮಾತ್ರ ಬಂದ ಕಷ್ಟವಲ್ಲ. 'ಮಾರ್ಚ್1', 'ಸೆಪ್ಟ್1' ಎಂಬ ಹೆಸರಿನ ಜೀನ್‌ಗಳು ವಿಜ್ಞಾನಿಗಳ ಕೋಷ್ಟಕಗಳಲ್ಲಿ ತಾರೀಖುಗಳಾಗುತ್ತಿದ್ದವು. ಸಾಕಾಗಿ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಸಾಧನದ ಊಹೆಗೆ ಹೆದರಿ ವಿಜ್ಞಾನ ತನ್ನ ಹೆಸರು ತಿದ್ದಿಕೊಂಡಿತು! ಈ ಪರಿವರ್ತನೆ ಬೇಡ ಎನ್ನುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ. ಅದೂ ಅಕ್ಷರ-ಅಂಕಿ ಕೂಡಿಕೊಂಡ ಪದಗಳಿಗೆ. ನಮ್ಮ 7/4 ಅದರ ವ್ಯಾಪ್ತಿಗೆ ಬರುವುದಿಲ್ಲ.

'ಭೂಮಿ' ಜಾಲತಾಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪಹಣಿ ನೋಡಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಆಮೇಲೆ ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಬೇರೆ ಬೇರೆ ಕೊಡಬೇಕು. ಇಷ್ಟೆಲ್ಲ ಕೇಳುತ್ತದಲ್ಲ ಎಂದು ಬೇಸರಪಡುವವರಿದ್ದಾರೆ. ಆದರೆ ಪ್ರತಿ ಅಂಕಿಗೂ ತನ್ನದೇ ಜಾಗ ಇರುವುದರಿಂದ ಅಲ್ಲಿ ಊಹೆಗೆ ಎಡೆಯೇ ಇಲ್ಲ. ಊಹಿಸಬೇಕಾದ ಸಂದರ್ಭವನ್ನೇ ಇಲ್ಲವಾಗಿಸುವುದು ಒಳ್ಳೆಯ ವಿನ್ಯಾಸ ಎಂದು ನನ್ನ ಅಭಿಪ್ರಾಯ.

ಕಲ್ಪನೆ: ಕಡತ ಕನ್ನಡದಲ್ಲಿದ್ದರೆ ಕಂಪ್ಯೂಟರಿಗೆ ಗೊತ್ತಾಗಿಯೇ ಆಗುತ್ತದೆ.

ಸತ್ಯ: ಯೂನಿಕೋಡ್ ಆಗಿದ್ದರೆ ಹೌದು. ಯುಟಿಎಫ್-8ರಲ್ಲಿ ಬೈಟುಗಳು ಸಾಲಾಗಿ ಬರುವುದಕ್ಕೆ ಕಟ್ಟುನಿಟ್ಟಾದ ನಿಯಮವಿದೆ, ಬೇರೆ ಬಗೆಯ ಬರಹ ಆಕಸ್ಮಿಕವಾಗಿ ಆ ನಿಯಮಕ್ಕೆ ಹೊಂದುವುದು ಅಪರೂಪ. ಅಲ್ಲಿ ಊಹಿಸಿದರೆ ತೊಂದರೆಯಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪತ್ರಗಳ ಕತೆ ಬೇರೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಫಾಂಟ್ ಕಳಚಿದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. 'ಇದು ಕನ್ನಡ' ಎಂಬ ಮಾಹಿತಿ ಆ ಬೈಟುಗಳಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಎಷ್ಟು ಜಾಣ ಸಾಧನವಾದರೂ ಓದಲಾರದು. ಆದ್ದರಿಂದ ಪರಿವರ್ತಕ ಬರೆಯುವವರು "ಮೂಲ ಯಾವ ಫಾಂಟಿನದು?" ಎಂದು ಕೇಳಲೇಬೇಕು. ವಿಎಸ್ ಕೋಡ್ ಕೂಡ ಇಲ್ಲಿ ಎಚ್ಚರದಿಂದಿದೆ. ಯುಟಿಎಫ್-8 ಎಂದೇ ತೆರೆಯುತ್ತದೆ, ಎನ್‌ಕೋಡಿಂಗ್ ಊಹಿಸುವ ಸೌಲಭ್ಯ ಇದೆಯಾದರೂ ನಾವಾಗಿ ಆನ್ ಮಾಡುವವರೆಗೆ ಅದು ಸುಮ್ಮನಿರುತ್ತದೆ.

ಕಲ್ಪನೆ: ಹಾಗಾದರೆ ಎಲ್ಲಕ್ಕೂ ಆಯ್ಕೆ ಕೊಟ್ಟುಬಿಡೋಣ. ಆಯ್ಕೆ ಹೆಚ್ಚಿದಷ್ಟೂ ಸ್ವಾತಂತ್ರ್ಯ.

ಸತ್ಯ: ಆನ್-ಆಫ್ ಆಯ್ಕೆಗಳು ಹತ್ತು ಇದ್ದರೆ ಸಾಧನ 1,024 ರೂಪಗಳಲ್ಲಿ ಓಡಬಲ್ಲದು. ಅಷ್ಟನ್ನೂ ಪರೀಕ್ಷಿಸುವವರು ಯಾರು? ಗೋ ಭಾಷೆಯ ಜೊತೆಗೇ ಬರುವ ಫಾರ್ಮ್ಯಾಟರ್‌ನಲ್ಲಿ ಶೈಲಿಯ ಆಯ್ಕೆಗಳೇ ಇಲ್ಲ. ಟ್ಯಾಬ್ ಇರಲೋ ಸ್ಪೇಸ್ ಇರಲೋ ಎಂಬ ಜಗಳ ಅಲ್ಲಿಗೇ ಮುಗಿಯಿತು. ಪೈಥಾನ್‌ನ 'ಬ್ಲ್ಯಾಕ್' ಸಾಲಿಗೆ 88 ಅಕ್ಷರ ಎಂದು ತಾನೇ ಗೊತ್ತುಮಾಡಿ, ಅದನ್ನು ಬದಲಿಸಲು ಬಿಟ್ಟು, ಉಳಿದ ಬಹುಪಾಲನ್ನು ಚರ್ಚೆಗೇ ಬಿಡುವುದಿಲ್ಲ. ಇದು ದಬ್ಬಾಳಿಕೆಯಲ್ಲ. ಕೋಡಿನ ಅಂದ ಬದಲಾದರೆ ಅರ್ಥ ಬದಲಾಗುವುದಿಲ್ಲ, ಬದಲಾವಣೆ ಕಣ್ಣೆದುರಿಗೇ ಇರುತ್ತದೆ, ಬೇಡವಾದರೆ ಹಿಂದಕ್ಕೆ ಹೋಗಬಹುದು. 7/4 ತಾರೀಖಾಗುವಾಗ ಈ ಮೂರರಲ್ಲಿ ಒಂದೂ ನಿಜವಲ್ಲ.

ಕಲ್ಪನೆ: ಡೀಫಾಲ್ಟ್ ಅಂದರೆ ಯಾರ ಪಕ್ಷವೂ ಅಲ್ಲ.

ಸತ್ಯ: ಅದೂ ಒಂದು ನಿರ್ಧಾರ, ಎಲ್ಲರ ಪರವಾಗಿ ಒಬ್ಬರು ತೆಗೆದುಕೊಂಡದ್ದು. ನಮ್ಮ ತೋಟಗಳ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ನೋಡಿ. ನಡುರಾತ್ರಿ ತ್ರೀಫೇಸ್ ಕರೆಂಟ್ ಬಂದರೆ ಯಾರೂ ಏಳಬೇಕಿಲ್ಲ, ಮೋಟಾರ್ ತಾನೇ ಓಡುತ್ತದೆ. ಆದರೆ ಎಲ್ಲರ ಡಬ್ಬಿಯೂ ಆಟೋದಲ್ಲೇ ಇದ್ದರೆ ಅಷ್ಟೂ ಮೋಟಾರ್‌ಗಳು ಒಂದೇ ಕ್ಷಣದಲ್ಲಿ ಎದ್ದು ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಬೀಳುತ್ತದೆ. ಬಾವಿಯಲ್ಲಿ ನೀರಿಲ್ಲದಿದ್ದರೂ ಮೋಟಾರ್ ಓಡಿ ಸುಡಬಹುದು. ಒಬ್ಬನಿಗೆ ಅನುಕೂಲವಾದ ಡೀಫಾಲ್ಟ್ ಊರಿಗೆಲ್ಲ ಹಾಗೇ ಆಗಬೇಕೆಂದಿಲ್ಲ.

ಕಲ್ಪನೆ: ಆಯ್ಕೆ ಎಂದರೆ ಸೆಟ್ಟಿಂಗ್ಸ್ ಪರದೆ.

ಸತ್ಯ: ಆಯ್ಕೆ ಎಲ್ಲಿ ದಾಖಲಾಗುತ್ತದೆ ಎಂಬುದೇ ಮುಖ್ಯ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ ಲಿನಕ್ಸ್ ಸರ್ವರಿನಲ್ಲಿ ಓಡದಿರಲು ಸಾಲಿನ ಕೊನೆಯ ಕಾಣದ ಒಂದು ಚಿಹ್ನೆ ಸಾಕು. ಗಿಟ್‌ನಲ್ಲಿ ಇದಕ್ಕೆ ಪ್ರತಿ ಕಂಪ್ಯೂಟರಿನಲ್ಲೂ ಬೇರೆಯಾಗಬಹುದಾದ ಸ್ವಯಂಚಾಲಿತ ಸೆಟ್ಟಿಂಗ್ ಇದೆ. ಯೋಜನೆಯ ಜೊತೆಗೇ ಸಾಗುವ 'ಗಿಟ್‌ಆಟ್ರಿಬ್ಯೂಟ್ಸ್' ಕಡತವೂ ಇದೆ. ತಂಡದ ಕೆಲಸಕ್ಕೆ ಎರಡನೆಯದೇ ಸರಿ.

ಸಾಧನ ಬರೆಯುವವರಲ್ಲಿ ಒಂದು ಕೋರಿಕೆ: ಊಹಿಸಿದರೆ, ಏನು ಊಹಿಸಿದ್ದೀರಿ ಎಂದು ಒಂದು ಸಾಲಿನಲ್ಲಿ ತೋರಿಸಿ, ತಿದ್ದಲು ದಾರಿ ಬಿಡಿ. ಪಟ್ಟಿ ಇಟ್ಟುಕೊಂಡಿರುವವರಿಗೆ ಇನ್ನೊಂದು ಮಾತು: ಸರ್ವೆ ನಂಬರ್ ಇರುವ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ 'ಡೇಟಾ' ಮೆನುವಿನಿಂದ ಒಳತಂದು, ದತ್ತಾಂಶದ ಬಗೆ ಪತ್ತೆಹಚ್ಚುವುದು ಬೇಡ ಎಂಬ ಆಯ್ಕೆ ಒತ್ತಿ. 7/4 ಹಾಗೇ ಉಳಿಯುತ್ತದೆ.